ಏಳನೆಯ ಬಸಿಗಾಲುವೆ

ಫೆಬ್ರವರಿ ೯

ತಮ್ಮಾ,

ಕಾಗದವನ್ನು "ನಾವೆಲ್ಲ ಚೆನ್ನಾಗಿದ್ದೇವೆ" ಎಂದೇ ಶುರು ಮಾಡಬೇಕಂತೆ. ಮುಕ್ಕಾಲು ಪಾಲು ಚೆನ್ನಾಗಿದ್ದೇವೆ ಎಂದುಕೋ. ಉಳಿದ ಕಾಲು ಪಾಲು ನಿನ್ನ ಭಾವನ ಕೆಮ್ಮು. ಶಾಲೆಯ ಬಸ್ಸಿನಲ್ಲಿ ಅವರು ಹಾರ್ನ್ ಹೊಡೆಯುವುದನ್ನೇ ಬಿಟ್ಟಿದ್ದಾರೆ. ಒಂದು ಸಲ ಕೆಮ್ಮಿದರೆ ಸಾಕು, ಮಕ್ಕಳು ಚೀಲ ಏರಿಸಿಕೊಂಡು ಓಡಿ ಬರುತ್ತಾರೆ. "ಹಾರ್ನ್ ಸವೆಯೋದು ತಪ್ತಲ್ಲ" ಎಂದು ಅವರೇ ನಗುತ್ತಾರೆ.

ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಮ್ಮ ಬಡಾವಣೆಯ ಹಿಂದಿನ ಜೌಗು ನಿನಗೆ ನೆನಪಿದೆಯಲ್ಲ? ನೆನಪಿಲ್ಲದೆ ಏನು, ನೀನೂ ನಿನ್ನ ತಂಡದವರೂ ತಾನೆ ಅದರ ನೀರು ಬಸಿದು ಒಣನೆಲ ಮಾಡಿದ್ದು. ಅಲ್ಲಿ ಹದಿನೈದು ದಿನದಿಂದ ಹೊಗೆ ಬರುತ್ತಿದೆ. ಬೆಂಕಿ ಕಾಣುವುದಿಲ್ಲ. ಮರ ಉರಿಯುತ್ತಿಲ್ಲ, ಹುಲ್ಲು ಉರಿಯುತ್ತಿಲ್ಲ. ನೆಲದ ಬಿರುಕುಗಳಿಂದ, ಕೆಳಗೆ ಯಾರೋ ಕೂತು ಒಲೆ ಹಚ್ಚಿದ ಹಾಗೆ, ಸಣ್ಣಗೆ ಏಳುತ್ತದೆ. ಅಗ್ನಿಶಾಮಕದವರು ಬಂದು ಎರಡು ಟ್ಯಾಂಕು ನೀರು ಸುರಿದು ಹೋದರು. ಮಾರನೆಯ ದಿನ ಹತ್ತು ಮಾರು ಆಚೆ ಎದ್ದಿತು.

ಮೊನ್ನೆ ಬಟ್ಟೆ ಹರವಲು ಬರಿಗಾಲಲ್ಲಿ ಹಿತ್ತಿಲಿಗೆ ಹೋದೆ. ಮೋಡ ಕವಿದ ದಿನ, ಬಿಸಿಲೇ ಇರಲಿಲ್ಲ. ನೆಲ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ನಿನ್ನ ಭಾವನಿಗೆ ಹೇಳಿದರೆ, "ಚಳಿಗೆ ಒಳ್ಳೇದೇ ಆಯ್ತು ಬಿಡು" ಎಂದರು.

ನೆಲದ ವಿಷಯ ತಿಳಿದವನು ನಮ್ಮಲ್ಲಿ ನೀನೊಬ್ಬನೇ. ಇದೇನು, ಹೇಳು.

ಅಕ್ಕ

ಫೆಬ್ರವರಿ ೨೪

ಅಕ್ಕಾ,

ನಿನ್ನ ಕಾಗದ ಇವತ್ತಿನ ದೋಣಿಯಲ್ಲಿ ಬಂತು. ಈ ಬಿಡಾರಕ್ಕೆ ಹತ್ತು ದಿನಕ್ಕೊಂದು ದೋಣಿ, ಅದೂ ಅದರ ಮನಸ್ಸಿಗೆ ಬಂದರೆ. ಫೋನಿನ ಮಾತು ಬಿಡು, ಇಲ್ಲಿ ಕೂಗಿದರೆ ಕಪ್ಪೆ ಮಾತ್ರ ಓಗೊಡುತ್ತದೆ.

ಹೊಗೆಗೆ ಅಷ್ಟೇನೂ ಗಾಬರಿಯಾಗಬೇಡ. ಒಣಗಿದ ಜೌಗು ಮಣ್ಣಿನಲ್ಲಿ ಕೊಳೆತ ಎಲೆ, ಬೇರು ಇರುತ್ತದೆ. ಯಾರೋ ಸಿಗರೇಟು ಎಸೆದಿರಬೇಕು, ಅದು ಹೊಗೆಯಾಡುತ್ತಿದೆ. ಒಂದು ಒಳ್ಳೆಯ ಮಳೆ ಬಿದ್ದರೆ ತಣ್ಣಗಾಗುತ್ತದೆ. ಹಿತ್ತಿಲಿಗೆ ಚಪ್ಪಲಿ ಹಾಕಿಕೊಂಡು ಹೋಗು.

ಇಲ್ಲಿನ ಜೌಗು ಅದರ ಹತ್ತರಷ್ಟಿದೆ. ಸೊಂಟದವರೆಗೆ ನೀರು, ಹಾಲು ಹಾಕದ ಟೀ ಬಣ್ಣದ್ದು. ಅಳತೆ ಕಂಬ ಹೊತ್ತುಕೊಂಡು ದಿನವಿಡೀ ಅದರಲ್ಲೇ ನಡೆಯುತ್ತೇನೆ. ಇದನ್ನೂ ಬಸಿಯುವ ಕಾಲುವೆ ಹೋಗುವ ದಾರಿಗೆ ಗೂಟ ಹೊಡೆಯುವುದು ಮುಗಿಯುತ್ತಾ ಬಂತು. ಜೂನ್ ಹೊತ್ತಿಗೆ ತೋಡುವ ಯಂತ್ರ ಬರುತ್ತದೆ.

ಭಾವನಿಗೆ ಹೇಳು: ಏರಿನಲ್ಲಿ ಕೆಮ್ಮು ಬಂದರೆ ಗಿಯರ್ ಇಳಿಸಬೇಕು, ದನಿ ಏರಿಸಬಾರದು.

ನಿನ್ನ ತಮ್ಮ

ಮಾರ್ಚ್ ೬

ತಮ್ಮಾ,

ನಿನ್ನ ಗಿಯರಿನ ಮಾತನ್ನು ಓದಿ ಹೇಳಿದೆ. ನಗುವಾಗ ಇನ್ನೂ ಜಾಸ್ತಿ ಕೆಮ್ಮಿದರು.

ಮಳೆ ಬಂತು. ಎರಡು ದಿನ ಜಡಿದು ಹೋಯಿತು. ಮೂರನೆಯ ದಿನ ಹೊಗೆ ಮೊದಲಿಗಿಂತ ದಪ್ಪಗೆ ಎದ್ದಿತು. ಆಸ್ಪತ್ರೆಯ ನನ್ನ ವಾರ್ಡಿನಲ್ಲಿ ಹದಿನೆಂಟು ಮಂಚ, ನಲವತ್ತು ಜನ. ಆಮ್ಲಜನಕದ ಮುಖವಾಡವನ್ನು ಒಬ್ಬರ ಮುಖದಿಂದ ತೆಗೆದು ಇನ್ನೊಬ್ಬರಿಗೆ ಹಾಕುತ್ತಿದ್ದೇವೆ. ತೆಗೆಯುವಾಗ ಯಾರ ಕಣ್ಣನ್ನೂ ನೋಡಬಾರದು ಎಂದು ಕಲಿತುಕೊಂಡಿದ್ದೇನೆ.

ಮಂಗಳವಾರ ಶಾಲೆಯ ಎದುರಿನ ದೊಡ್ಡ ಮರ ಬಿತ್ತು. ಗಾಳಿ ಇರಲಿಲ್ಲ. ಎಲೆಯೆಲ್ಲ ಹಸಿರಾಗಿಯೇ ಇತ್ತು. ಹೋಗಿ ನೋಡಿದರೆ ಬೇರೇ ಇಲ್ಲ, ಸುಟ್ಟು ಇದ್ದಿಲಾಗಿತ್ತು. ಅವತ್ತಿನಿಂದ ಶಾಲೆಗೆ ರಜೆ, ನಿನ್ನ ಭಾವನಿಗೂ.

ನಿನ್ನ ಹಳೆಯ ತಂಡದಲ್ಲಿ ಕಾಲುವೆ ತೋಡಿದ ಗುದ್ದಲಿ ಅಜ್ಜ ಉಸಿರಾಟದ ತೊಂದರೆಗೆ ವಾರ್ಡಿಗೆ ಬಂದಿದ್ದ. ಇದೇನಜ್ಜ ಎಂದು ಕೇಳಿದೆ. ಮುಖವಾಡ ಸರಿಸಿ ಹೇಳಿದ: "ಇದು ಮಣ್ಣಲ್ಲ ಕಣಮ್ಮ. ಸಾವಿರಾರು ವರ್ಷ ನೀರಲ್ಲಿ ನೆನೆದ ಸೊಪ್ಪು, ಬೇರು. ನೀರಿದ್ದಾಗ ಸ್ಪಂಜು, ನೀರು ತೆಗೆದ್ರೆ ಸೌದೆ. ಊರಗಲದ ಸೌದೆ ರಾಶಿ ಮೇಲೆ ನಾವು ಮನೆ ಕಟ್ಕೊಂಡು ಕೂತಿದ್ದೀವಿ. ಮೇಲಿಂದ ನೀರು ಸುರಿದ್ರೆ ಏನೂ ಆಗಲ್ಲ. ಕೆಳಗಿಂದ ನೀರು ಏರ್ಬೇಕು. ತೋಡಿದ್ದನ್ನ ಮುಚ್ಬೇಕು."

ಆಸ್ಪತ್ರೆಯಿಂದ ಬಿಟ್ಟ ಮರುದಿನವೇ ಗುದ್ದಲಿ ಹಿಡಿದು ಹೊರಟ. ಮೊದಲ ದಿನ ಅವನೂ ನಿನ್ನ ಭಾವನೂ ಇಬ್ಬರೇ. ನಾಲ್ಕನೆಯ ದಿನಕ್ಕೆ ನಮ್ಮ ಬೀದಿಯವರು ಮೂವತ್ತು ಜನ. ಹಲಗೆ, ಮಣ್ಣು ತುಂಬಿದ ಚೀಲ, ಕೆಟ್ಟ ಬಾಗಿಲು, ಸಿಕ್ಕಿದ್ದನ್ನೆಲ್ಲ ಹೊತ್ತು ತಂದು ಒಂದನೆಯ ಬಸಿಗಾಲುವೆಗೆ ಅಡ್ಡ ಹಾಕಿದೆವು. ವಾರದಲ್ಲಿ ಮೊಣಕಾಲುದ್ದ ನೀರು ನಿಂತಿತು. ಆ ಕಡೆಯ ಹೊಗೆ ಪೂರ್ತಿ ಹೋಯಿತು. ಎಲ್ಲಿತ್ತೋ ಏನೋ, ಒಂದು ಬಿಳಿ ಕೊಕ್ಕರೆ ಬಂದು ನಿಂತು ನಮ್ಮನ್ನು ತನಿಖೆ ಮಾಡಿ ಹೋಯಿತು. ಜನ ಚಪ್ಪಾಳೆ ತಟ್ಟಿದರು.

ಆದರೆ ನಮ್ಮ ಬಡಾವಣೆಯ ಕಡೆ ಎಷ್ಟು ಕಟ್ಟಿದರೂ ನೀರು ನಿಲ್ಲುತ್ತಿಲ್ಲ. ತೆರೆದ ಕಾಲುವೆಗಳು ಆರು. ಏಳನೆಯದೊಂದು ಇತ್ತು, ಅದು ನೆಲದೊಳಗೆ ಹೂತ ಪೈಪು, ಮನೆಗಳ ಅಡಿಯಲ್ಲೇ ಹೋಗುತ್ತದೆ ಎನ್ನುತ್ತಾನೆ ಅಜ್ಜ. ಅದನ್ನು ಹೂಳುವ ತಿಂಗಳು ಅವನು ಜ್ವರದಲ್ಲಿ ಮಲಗಿದ್ದನಂತೆ, ಪೈಪಿನ ಬಾಯಿ ಎಲ್ಲಿದೆಯೋ ತಿಳಿಯದು. ಕಾಲುವೆ ತೋಡಿಸಿದ ಕಚೇರಿಯಲ್ಲಿ ಕೇಳಿದರೆ, ಕಟ್ಟಡ ಬದಲಾಯಿಸುವಾಗ ನಕ್ಷೆ ಕಳೆದುಹೋಯಿತು ಎಂದರು. ನಿನ್ನ ಹತ್ತಿರ ಪ್ರತಿ ಇರಲೇಬೇಕು. ಕಳಿಸು.

ಅಕ್ಕ

ಮಾರ್ಚ್ ೨೨

ಅಕ್ಕಾ,

ಒಂದು ದೋಣಿ ಬರಲಿಲ್ಲ, ಅದಕ್ಕೇ ತಡ.

ನೀವು ಮಾಡುತ್ತಿರುವುದು ಸರಿ. ಆದರೆ ಒಂದೇ ಕಡೆ ಎತ್ತರದ ಒಡ್ಡು ಹಾಕಬೇಡಿ, ಕೊಚ್ಚಿ ಹೋಗುತ್ತದೆ. ನೆಲ ಎತ್ತರವಿರುವ ಕಡೆಯಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಬನ್ನಿ. ಒಂದು ಒಡ್ಡಿಗೂ ಇನ್ನೊಂದಕ್ಕೂ ನೀರಿನ ಮಟ್ಟದಲ್ಲಿ ಒಂದು ಗೇಣಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಕಲ್ಲು ಹಾಕಬೇಡಿ, ಕಲ್ಲು ಹೂತುಹೋಗುತ್ತದೆ. ಎರಡು ಸಾಲು ಹಲಗೆ ನಿಲ್ಲಿಸಿ ನಡುವೆ ಅದೇ ಕರಿಮಣ್ಣನ್ನು ಒದ್ದೆಯಾಗಿಯೇ ತುಳಿದು ತುಂಬಿ. ನೀರು ನಿಂತ ಮೇಲೆ ಜೌಗಿನ ಮರಗಳ ಸಸಿ ನೆಡಬೇಕು. ಆ ನೆರಳಿಲ್ಲದಿದ್ದರೆ ನೆಲ ಮತ್ತೆ ಒಣಗುತ್ತದೆ.

ಏಳನೆಯದರ ನಕ್ಷೆ ನನ್ನ ಹತ್ತಿರ ಇಲ್ಲ. ಎಷ್ಟೋ ವರ್ಷದ ಮಾತು, ಎಲ್ಲಿ ಹೋಗುತ್ತದೆಂದು ನೆನಪೂ ಇಲ್ಲ. ಕಚೇರಿಯಲ್ಲೇ ಇನ್ನೊಮ್ಮೆ ಹುಡುಕಿಸು.

(ಇಲ್ಲಿ ಎರಡು ಸಾಲು ಹೊಡೆದು ಹಾಕಿದ್ದೇನೆ. ತಪ್ಪಾಗಿ ಬರೆದಿದ್ದೆ.)

ನಿನ್ನ ತಮ್ಮ

ಏಪ್ರಿಲ್ ೨

ತಮ್ಮಾ,

ನೀನು ಹೇಳಿದ ಹಾಗೆ ಮೆಟ್ಟಿಲಾಗಿ ಕಟ್ಟಿದೆವು. ಎರಡನೆಯದು, ಮೂರನೆಯದು ನಿಂತವು. ಅಜ್ಜ ನಿನ್ನನ್ನು ಹೊಗಳಿದ. ನಾನು ಹೊಗಳಲಿಲ್ಲ.

ಹೊಡೆದು ಹಾಕಿದ ಸಾಲನ್ನು ಕಿಟಕಿಯ ಗಾಜಿಗೆ ಹಿಡಿದು ಓದಿದೆ. ವಾರ್ಡಿನಲ್ಲಿ ಡಾಕ್ಟರ ಕೈಬರಹ ಓದಿ ಓದಿ ನನಗೆ ಇದು ಕಷ್ಟವಲ್ಲ. "ಏಳನೆಯದರ ಹತ್ತಿರ ಭಾವನನ್ನು ಬಿಡಬೇಡ, ಬಿಳಿ ಬೂದಿ ಇರುವಲ್ಲಿ" ಎಂಬಲ್ಲಿಯವರೆಗೆ ತಿಳಿಯಿತು. ಮುಂದಿನದನ್ನು ನೀನು ಕಾಗದ ಹರಿಯುವಷ್ಟು ಒತ್ತಿ ಗೀಚಿದ್ದೀಯ. ಅದು ಎಲ್ಲಿದೆ ಎಂದೇ ನೆನಪಿಲ್ಲದವನಿಗೆ ಅದರ ಹತ್ತಿರ ಯಾವುದು ಎಂದು ಹೇಗೆ ಗೊತ್ತಾಯಿತು?

ನಿನ್ನ ಭಾವ ಮತ್ತು ಅಜ್ಜ ದಿನಾ ಬೆಳಿಗ್ಗೆ ಕಬ್ಬಿಣದ ಸಲಾಕೆ ಹಿಡಿದು ನೆಲ ಚುಚ್ಚುತ್ತಾ ಪೈಪು ಹುಡುಕುತ್ತಿದ್ದಾರೆ. ಬೂದಿ ಇರುವಲ್ಲಿ ಕಾಲಿಡಬೇಡಿ ಎಂದೆ. "ಎಲ್ಲಿ ನೋಡಿದ್ರೂ ಬೂದಿನೇ ಕಣೆ. ಹಾರ್ಕೊಂಡು ಹೋಗ್ಲಾ?" ಎಂದರು.

ನಿನಗೇನೋ ಹೆದರಿಕೆ ಇದೆ. ಏನೆಂದು ನಾನು ಕೇಳುವುದಿಲ್ಲ. ನಕ್ಷೆ ಕಳಿಸು.

ಅಕ್ಕ

ಏಪ್ರಿಲ್ ೧೪

ಅಕ್ಕಾ,

ನಕ್ಷೆ ಇದೆ. ಟ್ರಂಕಿನ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಕಳೆದ ಬಾರಿ ಬರೆಯುವಾಗಲೂ ಇತ್ತು.

ನಿನಗೆ ಸುಳ್ಳು ಹೇಳಿದ್ದೇಕೆಂದರೆ ಅದರ ಅಂಚಿನಲ್ಲಿ ನನ್ನ ಕೈಬರಹದ ಟಿಪ್ಪಣಿ ಇದೆ. ಪೈಪು ಹೂತ ಮೇಲೆ ಮೂರು ವರ್ಷ ಅಲ್ಲಿನ ನೆಲ ಅಳೆದೆ. ವರ್ಷಕ್ಕೆ ಅರ್ಧ ಗೇಣು ಕುಸಿಯುತ್ತಿತ್ತು. ಮೂರನೆಯ ವರ್ಷ ಎರಡಾಳು ಆಳದವರೆಗೂ ಮಣ್ಣು ಕೈಯಲ್ಲಿ ಪುಡಿಯಾಯಿತು. ಇದು ಒಂದಲ್ಲ ಒಂದು ದಿನ ಹೊತ್ತಿಕೊಳ್ಳುತ್ತದೆ ಎಂದು ಅಲ್ಲಿಯೇ ಬರೆದುಕೊಂಡೆ. ಮೇಲಿನವರಿಗೆ ತೋರಿಸಿದೆ. "ವರದಿಗೆ ಇದೆಲ್ಲ ಯಾಕಪ್ಪ? ಮನೆ ಕಟ್ಟೋರು ಹೆದರ್ತಾರೆ" ಎಂದರು. ನಾನು ಸೇರಿಸಲಿಲ್ಲ. ಆಮೇಲೆ, ನೀನೂ ಭಾವನೂ ಎಲ್ಲಿ ಮನೆ ಮಾಡೋಣ ಎಂದು ಕೇಳಿದಾಗ, ಗಟ್ಟಿ ನೆಲ ಎಂದು ಅಲ್ಲಿಯೇ ತೋರಿಸಿದೆ. ಬೇಡ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಿರಿ.

ಟಿಪ್ಪಣಿ ಬಿಟ್ಟು ಪೈಪಿನ ದಾರಿಯನ್ನಷ್ಟೇ ಬೇರೆ ಹಾಳೆಗೆ ಇಳಿಸುತ್ತಿದ್ದೇನೆ. ಮುಂದಿನ ದೋಣಿಗೆ ಕಳಿಸುತ್ತೇನೆ. ನನ್ನ ಹೆಸರು ಅಲ್ಲಿ ಹೊರಗೆ ಬರುವುದಿಲ್ಲ ಎಂದು ಒಂದು ಮಾತು ಬರೆ ಅಕ್ಕಾ. ಬಂದರೆ ಈ ಕೆಲಸ ಹೋಗುವುದಷ್ಟೇ ಅಲ್ಲ, ನಿಮ್ಮ ಬೀದಿಯಲ್ಲಿ ನಾನು ಮುಖ ಎತ್ತುವ ಹಾಗಿಲ್ಲ.

ಭಾವನನ್ನು ಮನೆಯಲ್ಲಿ ಕೂರಿಸು. ಬೂದಿಯ ಕೆಳಗೆ ಟೊಳ್ಳಿರುತ್ತದೆ, ಟೊಳ್ಳಿನೊಳಗೆ ಕೆಂಡ. ಹೊಡೆದು ಹಾಕಿದ ಸಾಲಿನಲ್ಲಿ ಇದ್ದದ್ದು ಅಷ್ಟೇ.

ನಿನ್ನ ತಮ್ಮ

ಏಪ್ರಿಲ್ ೨೪

ತಮ್ಮಾ,

ನಿನ್ನ ಕಾಗದ ಕೈಸೇರಿತು.

ಹೆಸರು ಹೇಳುವುದಿಲ್ಲ. ಮಾತು ಕೊಟ್ಟಿದ್ದೇನೆ ಎಂದುಕೋ.

ಭಾವ ಈಗ ಹುಡುಕಾಟಕ್ಕೆ ಹೋಗುತ್ತಿಲ್ಲ. ಕೆಮ್ಮೂ ಇಲ್ಲ. ಮಲಗಿದ್ದಾರೆ. ನಾಲ್ಕು ದಿನ ನಾನೇ ಪಕ್ಕದಲ್ಲಿದ್ದು ನೋಡಿಕೊಂಡೆ. ಅವರ ಸಲಾಕೆ ಹಿಡಿದು ಅಜ್ಜನ ಜೊತೆ ಈಗ ನಾನು ಹೋಗುತ್ತೇನೆ.

ಹಿಂದಿನ ಎರಡು ಬೀದಿ ಖಾಲಿಯಾಗಿವೆ. ಒಂದು ಮನೆಯ ಅಡುಗೆಕೋಣೆ, ಗೋಡೆ ನಿಂತ ಹಾಗೆಯೇ ಇದ್ದು, ನೆಲ ಮಾತ್ರ ಒಳಗೆ ಇಳಿದುಹೋಯಿತು. ಹೊತ್ತು ನೆತ್ತಿಗೆ ಬಂದರೂ ದೀಪ ಹಾಕಿಕೊಂಡು ಗಾಡಿ ಓಡಿಸುತ್ತಾರೆ.

ಟಿಪ್ಪಣಿ ಇರಲಿ ಬಿಡಲಿ, ಅಂದವಾಗಿರಲಿ ಬಿಡಲಿ, ಈ ದೋಣಿಗೆ ಕಳಿಸು.

ಅಕ್ಕ

ಮೇ ೪

ಅಕ್ಕಾ,

ಇದರೊಳಗೆ ನಾಲ್ಕು ಮಡಿಕೆಯಾಗಿ ಇಟ್ಟಿರುವುದು ಮೂಲ ನಕ್ಷೆಯೇ. ಇಳಿಸಲು ಮೂರು ಸಲ ಕೂತೆ, ಕೈ ಬರಲಿಲ್ಲ. ಅಂಚನ್ನು ಹರಿದುಹಾಕುವುದೋ ಬಿಡುವುದೋ ನಿನಗೆ ಬಿಟ್ಟಿದ್ದು.

ಪೈಪಿನ ಬಾಯಿ ಶಾಲೆಯ ಬಸ್ಸು ನಿಲ್ಲಿಸುವ ಶೆಡ್ಡಿನಲ್ಲಿದೆ. ಬಲಗಡೆಯ ಮೂಲೆ, ಸಿಮೆಂಟ್ ಚಪ್ಪಡಿಯ ಕೆಳಗೆ ಎರಡು ಮಾರು ಆಳ. ಚೀಲ ತುರುಕಿದರೆ ಸಾಲದು, ಮರದ ದಿಮ್ಮಿಯನ್ನು ಬೆಣೆಯ ಹಾಗೆ ಕೆತ್ತಿ ಬಡಿದು, ಸುತ್ತ ಜೇಡಿಮಣ್ಣು ಮೆತ್ತಿ. ಆದರೆ ಮುಚ್ಚಿದ ಮೇಲೆ ನೀರು ಬಡಾವಣೆಯೊಳಗೇ ಏರುತ್ತದೆ. ಮೊದಲೇ ಎಲ್ಲರಿಗೂ ಹೇಳು.

ಭಾವ ಮಲಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾರೆ, ಕೆಮ್ಮು ನಿಂತಿದೆ ಎಂದು ಓದಿ ಎಷ್ಟು ಹಗುರವಾಯಿತು ಗೊತ್ತೇ? ತಿಂಗಳ ಮೇಲೆ ಹೊಟ್ಟೆತುಂಬ ಉಂಡೆ. ಅವರಿಗೆ ಹೇಳು, ದಿನಾ ಅದರ ಮೇಲೆಯೇ ಬಸ್ಸು ನಿಲ್ಲಿಸಿ ಊರೆಲ್ಲ ಅದನ್ನೇ ಹುಡುಕಿದ್ರಲ್ಲ ಭಾವ, ಅಂತ. ಅವರು ಹೊಟ್ಟೆ ಹಿಡಿದು ನಗುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ.

ಇಲ್ಲಿ ಗೂಟ ಹೊಡೆದು ಮುಗಿಯಿತು. ಯಂತ್ರ ಹೊರಟಿದೆಯಂತೆ.

ನಿನ್ನ ತಮ್ಮ

ಮೇ ೨೧

ತಮ್ಮಾ,

ಮುಚ್ಚಿದೆವು. ನೀನು ಹೇಳಿದ ಮೂಲೆಯಲ್ಲೇ ಇತ್ತು. ಬಸ್ಸನ್ನು ಹನ್ನೆರಡು ಜನ ತಳ್ಳಿ ಸರಿಸಿದೆವು, ಓಡಿಸುವವರು ಇರಲಿಲ್ಲ.

ಅದಕ್ಕೂ ಮೊದಲು ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ, ನೀರು ನಮ್ಮ ಮನೆಗಳಿಗೇ ಬರುತ್ತದೆ ಎಂದು ಹೇಳಿದೆ. ಒಬ್ಬರು ಎದ್ದು, "ನಮ್ಮ ಮನೆ ಮುಳುಗಿಸೋಕೆ ನಾವೇ ಕೈ ಹಾಕ್ಬೇಕಾ ಸಿಸ್ಟರ್?" ಎಂದು ಕೂಗಿದರು. ಅಜ್ಜ ಕೂತಲ್ಲಿಂದಲೇ, "ಇವತ್ತು ನಾವಾಗಿ ಬಿಟ್ರೆ ಪಾತ್ರೆ ಪಗಡಿ ಹೊತ್ಕೊಂಡು ಹೋಗ್ಬಹುದು. ಇನ್ನೆರಡು ತಿಂಗಳು ಹೋದ್ರೆ ಹೊತ್ಕೊಳ್ಳೋಕೆ ಜನ ಇರಲ್ಲ" ಎಂದ. ಆಮೇಲೆ ಕೈಗಳು ಎದ್ದವು. ಎಲ್ಲರವೂ ಅಲ್ಲ. ಮೂರು ಮನೆಯವರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

ಆ ಸಭೆಯಲ್ಲೇ ನಕ್ಷೆಯ ಅಂಚಿನ ಟಿಪ್ಪಣಿಯನ್ನು ಓದಿದೆ. ಬರೆದವನು ನನ್ನ ತಮ್ಮ ಎಂದೂ ಹೇಳಿದೆ. ಮಾತು ಕೊಟ್ಟಿದ್ದೆ, ಮುರಿದೆ. ಮನೆ ಬಿಡಿ ಎಂದು ಜನರಿಗೆ ಹೇಳುವವಳು ಆ ಮನೆ ಯಾಕೆ ಉಳಿಯುವುದಿಲ್ಲ ಎಂಬುದನ್ನು ಬಚ್ಚಿಡಬಾರದು.

ಪೈಪು ಮುಚ್ಚಿದ ಐದನೆಯ ದಿನ ನಮ್ಮ ಹಿತ್ತಿಲಿನಲ್ಲಿ ನೀರು ಕಂಡಿತು. ಏಳನೆಯ ದಿನ ಹೊಸಲು ದಾಟಿತು. ಆ ಹೊತ್ತಿಗೆ ನಾವು ಆಸ್ಪತ್ರೆಯ ಹಳೆಯ ಉಗ್ರಾಣಕ್ಕೆ ಬಂದಿದ್ದೆವು. ಪಶ್ಚಿಮಕ್ಕೆ ಹೊಗೆ ನಿಂತಿದೆ. ಪೂರ್ವಕ್ಕೆ ಇನ್ನೂ ಇದೆ. ಅಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೋ ಯಾರಿಗೂ ಗೊತ್ತಿಲ್ಲ. ಅಜ್ಜ ವಾರ್ಡಿನ ಖಾಲಿ ಸಲೈನ್ ಬಾಟಲಿಗಳನ್ನು ಕತ್ತರಿಸಿ ಅವುಗಳಲ್ಲಿ ಇನ್ನೂರು ಸಸಿ ಮಾಡಿದ್ದಾನೆ. ನೆಟ್ಟು ನೆರಳಾಗಲು ಇಪ್ಪತ್ತು ವರ್ಷ ಬೇಕಂತೆ. ಅವನಿಗೆ ಈಗಲೇ ಎಪ್ಪತ್ತೆಂಟು.

ಇನ್ನು ನಿನ್ನ ಭಾವನ ವಿಷಯ.

ಏಪ್ರಿಲ್ ಐದರ ಬೆಳಿಗ್ಗೆ, ಶಾಲೆಯಿಂದ ಮೈಲಿಯಾಚೆ, ಪೈಪು ಇಲ್ಲದ ಕಡೆ ಪೈಪು ಹುಡುಕುತ್ತಿದ್ದಾಗ ಅವರ ಕಾಲ ಕೆಳಗಿನ ನೆಲ ಒಡೆಯಿತು. ಸೊಂಟದವರೆಗೆ ಕೆಂಡಕ್ಕೆ ಇಳಿದರು. ಅಜ್ಜ ಹಲಗೆ ಹಾಸಿ, ಮೇಲೆ ಮಲಗಿ ಎಳೆದ. ನನ್ನ ವಾರ್ಡಿಗೇ ತಂದರು. ಮೊದಲ ದಿನ, "ಇನ್ನು ಬ್ರೇಕ್ ಒತ್ತೋಕೆ ಕಷ್ಟ" ಎಂದರು. ಆಮೇಲೆ ಮಾತು ಕಡಿಮೆಯಾಯಿತು. ಒಂಬತ್ತನೆಯ ತಾರೀಖು ಮಧ್ಯಾಹ್ನ ಹೋದರು. ಆ ನೆಲದಲ್ಲಿ ಅವರನ್ನು ಇಡಲು ನನಗೆ ಮನಸ್ಸು ಬರಲಿಲ್ಲ. ಗುಡ್ಡದ ಕಡೆಗೆ ಒಯ್ದೆವು.

ಏಪ್ರಿಲ್ ಇಪ್ಪತ್ತನಾಲ್ಕರಂದು ನಿನಗೆ ಬರೆಯುವಾಗ ಅವರು ಹೋಗಿ ಹದಿನೈದು ದಿನವಾಗಿತ್ತು. ಮಲಗಿದ್ದಾರೆ ಎಂದು ಬರೆದೆ. ನಿಜ ಬರೆದಿದ್ದರೆ ನೀನು ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದೆ, ಇಲ್ಲವೇ ಹೆದರಿ ನಕ್ಷೆಯನ್ನೇ ಸುಡುತ್ತಿದ್ದೆ. ಚಿಕ್ಕಂದಿನಿಂದ ನಿನ್ನನ್ನು ಬಲ್ಲೆ. ನನಗೆ ನಕ್ಷೆ ಬೇಕಿತ್ತು, ವಾರ್ಡಿನಲ್ಲಿ ನಲವತ್ತು ಜನ ಇದ್ದರು. ಅದಕ್ಕೇ ನಿನ್ನನ್ನು ನಗುನಗುತ್ತಾ ಇರಲು ಬಿಟ್ಟೆ. ನಿನ್ನ ಮೇ ನಾಲ್ಕರ ಕಾಗದವನ್ನು ಪೂರ್ತಿ ಓದಲು ನನಗೆ ಮೂರು ದಿನ ಬೇಕಾಯಿತು.

ಮಾರ್ಚ್ ಇಪ್ಪತ್ತೆರಡರ ಕಾಗದದಲ್ಲಿ ನೀನು ನಕ್ಷೆ ಇಟ್ಟಿದ್ದರೆ ಅದು ಏಪ್ರಿಲ್ ಎರಡಕ್ಕೆ ಮೊದಲೇ ನನ್ನ ಕೈಯಲ್ಲಿರುತ್ತಿತ್ತು. ಇದನ್ನು ಒಂದೇ ಸಲ ಹೇಳುತ್ತೇನೆ. ಇನ್ನೊಮ್ಮೆ ಹೇಳುವುದಿಲ್ಲ.

ಇಲ್ಲಿಗೆ ಬರಬೇಡ. ಬಂದು ನನ್ನ ಎದುರು ಅತ್ತರೆ ನಾನು ಸಮಾಧಾನ ಮಾಡಬೇಕಾಗುತ್ತದೆ, ಅದಕ್ಕೆ ನನ್ನಲ್ಲಿ ಶಕ್ತಿ ಇಲ್ಲ. ಇದರ ಹತ್ತರಷ್ಟು ದೊಡ್ಡದು ಎಂದು ಬರೆದಿದ್ದೆಯಲ್ಲ, ಆ ನೀರಿನ ಸುತ್ತ ಇರುವವರಿಗೆ ನಿನ್ನ ಅಳತೆಯ ಲೆಕ್ಕ ಏನೆಂದು ಇನ್ನೂ ಗೊತ್ತಿಲ್ಲ. ಹೋಗಿ ಹೇಳು.

ಅಕ್ಕ

ಜೂನ್ ೧

ಅಕ್ಕಾ,

ನಿನ್ನ ಕಾಗದವನ್ನು ಮೊನ್ನೆ ದಡದಲ್ಲಿ ನಿಂತೇ ಓದಿದೆ. ಭಾವನ ಬಗ್ಗೆ ಏನು ಬರೆಯಲಿ? ಬರೆಯಲಾರೆ.

ಅವತ್ತೇ ಬಲೆ ಹೆಣೆಯುವ ಚಪ್ಪರದಲ್ಲಿ ಇಲ್ಲಿನ ಜನರನ್ನು ಕರೆದು ಹೇಳಿದೆ. ಮೂರು ವರ್ಷದ ಅಳತೆ, ವರದಿಯಲ್ಲಿ ನಾನು ಬಿಟ್ಟದ್ದು, ನಮ್ಮ ಬಡಾವಣೆ, ಭಾವ, ಎಲ್ಲವನ್ನೂ. ಚಾಪೆಗೆ ಆಪು ಹುಲ್ಲು ಕೊಯ್ಯುವ ಹೆಂಗಸೊಬ್ಬರು, "ನಿಮ್ಮನೆಯವರು ಸತ್ತ ಮೇಲೆ ಹೇಳೋಕೆ ಬಂದ್ಯೇನಪ್ಪ?" ಎಂದು ಕೇಳಿದರು. ಹೌದಮ್ಮ ಎಂದೆ. ಅವರು ಎದ್ದು ನಿಂತರು. ಕಾಲುವೆಯ ದಾರಿ ಎಲ್ಲೆಲ್ಲಿ ಹೋಗುತ್ತದೆ ತೋರಿಸು ಎಂದರು. ನಡೆದು ತೋರಿಸಿದೆ.

ನಿನ್ನೆ ಮೇಲಿನವರು ಬಂದು ನನ್ನ ಅಳತೆ ಕಂಬವನ್ನೂ ಡೇರೆಯ ಬೀಗದ ಕೈಯನ್ನೂ ತೆಗೆದುಕೊಂಡರು. ಇವತ್ತು ಬೆಳಿಗ್ಗೆ ದೊಡ್ಡ ತೆಪ್ಪದ ಮೇಲೆ ಯಂತ್ರ ಬಂತು. ಅದರ ಜೊತೆ ನನಗೆ ಗುರುತಿಲ್ಲದ ಹತ್ತು ಹದಿನೈದು ಜನ ಇಳಿದಿದ್ದಾರೆ. ಯಾರೂ ನಮ್ಮ ಕಡೆ ನೋಡುತ್ತಿಲ್ಲ.

ಮೊದಲ ಗೂಟದಿಂದ ಐವತ್ತನೆಯ ಗೂಟದವರೆಗೆ ಜನ ಯಂತ್ರಕ್ಕೆ ಅಡ್ಡವಾಗಿ ನೀರಿನಲ್ಲಿ ಸಾಲಾಗಿ ನಿಂತಿದ್ದಾರೆ. ಮೊದಲ ಗೂಟದ ಜಾಗವನ್ನು ನನಗೆ ಬಿಟ್ಟಿದ್ದಾರೆ. ಮೊನ್ನೆಯಿಂದ ಇಲ್ಲೇ ತಂಗಿದ್ದ ದೋಣಿಯವನು ಅವಸರ ಮಾಡುತ್ತಿದ್ದಾನೆ, ಇನ್ನು ಮುಂದೆ ಈ ಕಡೆ ಬರುವುದಿಲ್ಲವಂತೆ. ಯಂತ್ರ ಶುರುವಾದ ಸದ್ದು ಕೇಳುತ್ತಿದೆ.

ಹೋಗಿ ನಿಲ್ಲುತ್ತೇನೆ.

ತಮ್ಮ